ಮನೆಯ ನಲ್ಲಿ: ನಾವು ನೋಡತಕ್ಕದ್ದೆಷ್ಟು, ಕಸುಬಿನವರಿಗೆ ಬಿಡತಕ್ಕದ್ದೆಷ್ಟು

ಬಾವಿಯ ನೀರನ್ನು ಸೇದಿ ಬಾಳುತ್ತಿದ್ದ ಮನೆಗಳಲ್ಲಿ ನೀರಿನ ಸಾಧನಗಳೆಲ್ಲವೂ ಕಣ್ಣೆದುರಿಗೇ ಇರುತ್ತಿದ್ದುವು. ಹಗ್ಗ ಸವೆದರೆ ಅದರ ಎಳೆ ಬಿಚ್ಚಿಕೊಂಡು ಕೈಗೆ ತಗಲುತ್ತಿತ್ತು. ರಾಟೆ ಕಿರುಗುಟ್ಟಿದರೆ ಬೀದಿಗೆಲ್ಲ ಕೇಳುತ್ತಿತ್ತು. ಬಿಂದಿಗೆ ತೂತಾದರೆ ಹೊತ್ತವರ ಸೆರಗೇ ಅದನ್ನು ಸಾರುತ್ತಿತ್ತು. ಹಗ್ಗವನ್ನು ಬದಲಾಯಿಸುವುದಕ್ಕಾಗಲಿ ರಾಟೆಗೆ ಎಣ್ಣೆ ಬಿಡುವುದಕ್ಕಾಗಲಿ ಹೊರಗಿನವರನ್ನು ಕರೆಯಬೇಕಾಗಿರಲಿಲ್ಲ. ಬಾವಿಯೊಳಕ್ಕೆ ಇಳಿದು ಹೂಳೆತ್ತುವ ಕೆಲಸಕ್ಕೆ ಮಾತ್ರ ಅದನ್ನು ಬಲ್ಲವರು ಬರುತ್ತಿದ್ದರು. ಯಾವುದು ಮನೆಯವರ ಕೆಲಸ, ಯಾವುದು ಕಸುಬಿನವರ ಕೆಲಸ ಎಂದು ಯಾರೂ ಚರ್ಚಿಸುತ್ತ ಕುಳಿತುಕೊಳ್ಳುತ್ತಿರಲಿಲ್ಲ.

ಕೊಳವೆಯ ನೀರು ಬಂದಮೇಲೆ ಈ ಸ್ಥಿತಿ ಬದಲಾಯಿತು. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಅದಕ್ಕೆ ಒತ್ತಾಸೆಯಾಯಿತು. 1974ರಲ್ಲಿ ಕಾವೇರಿಯೇ ಊರಿಗೆ ಏರಿ ಬಂದಳು. ಇಂದು ಆ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ, ಮೂರು ಕಡೆ ಯಂತ್ರಗಳಿಂದ ಎತ್ತಲ್ಪಟ್ಟು ನಮ್ಮ ಮನೆಯ ನಲ್ಲಿಗೆ ಇಳಿಯುತ್ತದೆ. ಇಷ್ಟು ಶ್ರಮದಿಂದ ಬಂದ ನೀರು ಮನೆಯ ಆವರಣವನ್ನು ಹೊಕ್ಕ ಕೂಡಲೆ ಕಣ್ಣಿಗೆ ಮರೆಯಾಗುತ್ತದೆ. ನೆಲದ ಕೆಳಗೆ ಸಂಪು, ತಾರಸಿಯ ಮೇಲೆ ತೊಟ್ಟಿ, ಗೋಡೆಯೊಳಗೆ ಕೊಳವೆ. ನಾವು ನೋಡುವುದು ನಲ್ಲಿಯ ಮೂತಿಯೊಂದನ್ನೇ.

ಕಣ್ಣಿಗೆ ಕಾಣದ ವಸ್ತುವಿನ ವಿಷಯದಲ್ಲಿ ಗೃಹಸ್ಥರು ಎರಡು ಪಂಗಡವಾಗಿ ಒಡೆದಿದ್ದಾರೆ. ಒಂದು ಪಂಗಡದವರು ನಲ್ಲಿಯ ತಿರುಪನ್ನು ತಿರುಗಿಸುವುದಕ್ಕಿಂತ ಮುಂದೆ ಹೋಗುವವರಲ್ಲ. ಒಂದು ತೊಟ್ಟು ಸೋರಿದರೂ ಕಸುಬಿನವನು ಬರುವವರೆಗೆ ಬಕೀಟನ್ನು ಇಟ್ಟು ಕಾಯುತ್ತಾರೆ. ಇನ್ನೊಂದು ಪಂಗಡದವರ ಮನೆಯಲ್ಲಿ ಪೈಪ್ ರಿಂಚು ಸದಾ ಸಿದ್ಧವಾಗಿರುತ್ತದೆ. ಬಿಸಿನೀರಿನ ಯಂತ್ರದಿಂದ ಮಲಗುಂಡಿಯವರೆಗೆ ಅವರ ಕೈ ಹೋಗದ ಸ್ಥಳವಿಲ್ಲ. ಮೊದಲನೆಯವರಿಗೆ ಹಣ ನಷ್ಟ. ಎರಡನೆಯವರಿಗೆ ಒಮ್ಮೊಮ್ಮೆ ಪ್ರಾಣವೇ ನಷ್ಟ.

ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯಬೇಕು? ಕೆಲಸ ಕಷ್ಟವೋ ಸುಲಭವೋ ಎಂಬುದನ್ನು ನೋಡಿ ಎಳೆಯುವುದು ವಾಡಿಕೆ. ಅದು ಸಾಲದೆಂದು ನಮಗೆ ತೋರುತ್ತದೆ. ನಮ್ಮ ಹಳ್ಳಿಗಳ ಕೆರೆಯ ನೀರಾವರಿಯಲ್ಲಿ ಇದಕ್ಕಿಂತ ಒಳ್ಳೆಯ ಅಳತೆಗೋಲು ಉಂಟು. ತನ್ನ ಗದ್ದೆಯ ಕಾಲುವೆಯನ್ನು ರೈತನು ತಾನೇ ನೋಡಿಕೊಳ್ಳುತ್ತಾನೆ. ಬದು ಒಡೆದರೆ ತಾನೇ ಕಟ್ಟುತ್ತಾನೆ. ಆದರೆ ಕೆರೆಯ ತೂಬನ್ನು ಮುಟ್ಟುವ ಅಧಿಕಾರ ನೀರುಗಂಟಿಗೆ ಮಾತ್ರ. ತೂಬನ್ನು ಎತ್ತುವುದು ರೈತನಿಗೆ ಬಾರದ ವಿದ್ಯೆಯೇನೂ ಅಲ್ಲ. ಬದುವಿನ ಕೆಲಸ ಕೆಟ್ಟರೆ ಅವನ ಗದ್ದೆಯೊಂದೇ, ಅವನ ಕಣ್ಣೆದುರಿಗೇ, ಕೆಡುತ್ತದೆ. ತೂಬಿನ ಕೆಲಸ ಕೆಟ್ಟರೆ ಊರೆಲ್ಲ ಕೆಡುತ್ತದೆ, ಅದೂ ಅವನು ಮನೆಗೆ ಹೋಗಿ ಮಲಗಿದಮೇಲೆ. ಮನೆಯ ಕೊಳಾಯಿ ಕೆಲಸಕ್ಕೂ ನಾವು ಇದನ್ನೇ ಕೇಳಬೇಕು: ನಮ್ಮ ಕೈ ತಪ್ಪಿದರೆ ಆ ತಪ್ಪು ಕೂಡಲೆ ಕಣ್ಣಿಗೆ ಬೀಳುವುದೋ, ಮರೆಯಲ್ಲಿ ಕುಳಿತು ಬೆಳೆಯುವುದೋ? ಅದರ ಫಲವನ್ನು ಅನುಭವಿಸುವವರು ಯಾರು?

ಇದಕ್ಕೆ ಮೊದಲು ಹೇಳಬೇಕಾದ ಮಾತೊಂದಿದೆ. ದುರಸ್ತಿ ಬೇರೆ, ಪರೀಕ್ಷೆ ಬೇರೆ. ದುರಸ್ತಿಯನ್ನು ಯಾರಾದರೂ ಮಾಡಲಿ, ಪರೀಕ್ಷೆ ಮನೆಯವರದೇ. ಕಸುಬಿನವನು ನಮ್ಮ ಮನೆಯಲ್ಲಿ ಇರುವುದು ಒಂದು ಗಂಟೆ. ಸೋರುವಿಕೆಯ ಸ್ವಭಾವ ಅಷ್ಟರಲ್ಲಿ ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ಎರಡು ಮೂರು ರಾತ್ರಿಗಳು ಬೇಕು, ಮನೆಯಲ್ಲೇ ಇರುವವರ ಕಣ್ಣು ಬೇಕು.

ಪರೀಕ್ಷೆಯ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಇಂಗ್ಲಿಷ್ ಪುಸ್ತಕಗಳನ್ನು ತೆರೆದರೆ ಮೊದಲು ಕಾಣುವುದು ಮೀಟರಿನ ಪರೀಕ್ಷೆ: ಎಲ್ಲ ನಲ್ಲಿಗಳನ್ನೂ ಮುಚ್ಚಿ, ಮೀಟರಿನ ಅಂಕಿಯನ್ನು ಬರೆದುಕೊಂಡು, ಎರಡು ಗಂಟೆಯ ಮೇಲೆ ಮತ್ತೆ ನೋಡುವುದು, ಅಂಕಿ ಮುಂದೆ ಹೋಗಿದ್ದರೆ ಎಲ್ಲಿಯೋ ಸೋರುತ್ತಿದೆ. ಇದು ಹಗಲಿರುಳೂ ನೀರು ಬರುವ ಊರುಗಳಿಗೆ ಹೇಳಿದ ಮಾತು. ನಮ್ಮಲ್ಲಿ ನೀರು ಬರುವುದು ಹೊತ್ತು ಗೊತ್ತು ಮಾಡಿಕೊಂಡು; ಬಂದ ನೀರು ಸಂಪನ್ನು ಸೇರಿ, ಅಲ್ಲಿಂದ ಮೋಟಾರಿನ ಬಲದಿಂದ ಮೇಲ್ತೊಟ್ಟಿಗೆ ಏರಿ, ಆಮೇಲೆ ನಲ್ಲಿಗೆ ಇಳಿಯುತ್ತದೆ. ಮೀಟರಿಗೂ ಅಡಿಗೆಮನೆಯ ನಲ್ಲಿಗೂ ನೇರವಾದ ಸಂಬಂಧವೇ ಇಲ್ಲ. ಆದುದರಿಂದ ಪರೀಕ್ಷೆಯನ್ನು ಮೂರು ಭಾಗವಾಗಿ ಮಾಡಿಕೊಳ್ಳಬೇಕು.

ನೀರು ಬರುತ್ತಿರುವ ಹೊತ್ತಿನಲ್ಲಿ ಸಂಪಿನ ಬಾಯಿಯಲ್ಲಿರುವ ವಾಲ್ವನ್ನು ಮುಚ್ಚಿ ಮೀಟರನ್ನು ನೋಡುವುದು ಮೊದಲನೆಯದು. ಮೀಟರಿನ ಮುಖದಲ್ಲಿ ಅಂಕಿಗಳ ಪಕ್ಕಕ್ಕೆ ನಕ್ಷತ್ರದಂತಹ ಸಣ್ಣದೊಂದು ಚಕ್ರವಿರುತ್ತದೆ. ಅದು ಬಹು ಸೂಕ್ಷ್ಮ, ಸಣ್ಣ ಧಾರೆಗೂ ತಿರುಗುತ್ತದೆ. ವಾಲ್ವು ಮುಚ್ಚಿದ್ದರೂ ಚಕ್ರ ತಿರುಗುತ್ತಿದ್ದರೆ, ಮೀಟರಿಗೂ ಸಂಪಿಗೂ ನಡುವೆ ನೆಲದೊಳಗೆ ನೀರು ಹೋಗುತ್ತಿದೆಯೆಂದು ಅರ್ಥ.

ಎರಡನೆಯದು ಸಂಪು. ರಾತ್ರಿ ಮಲಗುವ ಮುಂಚೆ, ಒಳಬರುವ ನೀರನ್ನು ನಿಲ್ಲಿಸಿ, ಮೋಟಾರನ್ನು ಆರಿಸಿ, ಒಣಗಿದ ಬಿದಿರುಕೋಲೊಂದನ್ನು ತಳಮುಟ್ಟ ಇಳಿಸಿ, ನೆನೆದ ಕಡೆ ಗುರುತು ಮಾಡಬೇಕು. ಬೆಳಗ್ಗೆ ಅದೇ ಜಾಗದಲ್ಲಿ ಮತ್ತೆ ಇಳಿಸಿ ನೋಡಬೇಕು. ಒಂದು ಸೆಂಟಿಮೀಟರಿನ ಇಳಿತ ಏನು ಮಹಾ ಎಂದುಕೊಳ್ಳಬಾರದು. ಸಂಪು 2 ಮೀಟರು ಅಗಲ, ಎರಡೂವರೆ ಮೀಟರು ಉದ್ದವಾಗಿದ್ದರೆ ಆ ಒಂದು ಸೆಂಟಿಮೀಟರು 50 ಲೀಟರು ನೀರಾಯಿತು. ಕೆಲವು ಕಡೆ ಮಳೆಗಾಲದಲ್ಲಿ ಇದರ ವಿಪರೀತವಾಗಿ, ನೀರು ಬಿಡದೆಯೇ ಬೆಳಗ್ಗೆ ಮಟ್ಟ ಏರಿರುವುದುಂಟು. ಅದನ್ನು ಕಂಡು ಲಾಭವೆಂದು ಹಿಗ್ಗುವವರೂ ಇದ್ದಾರೆ! ಹೊರಗಿನ ನೆಲದ ನೀರು ಬಿರುಕಿನಿಂದ ಒಳಕ್ಕೆ ಬರುತ್ತಿದೆಯೆಂಬುದಕ್ಕೆ ಅದು ಗುರುತು. ಹತ್ತಿರದಲ್ಲಿ ಚರಂಡಿಯಿದ್ದರೆ ಬರುತ್ತಿರುವುದು ಯಾವ ನೀರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂತಹ ಸಂಪಿನ ನೀರನ್ನು ಅಂದಿನಿಂದಲೇ ಕುಡಿಯುವುದನ್ನು ಬಿಟ್ಟು, ಬರಿದುಮಾಡಿಸಿ, ಬಲ್ಲವರಿಂದ ಗಾರೆ ಮಾಡಿಸಬೇಕು.

ಮೂರನೆಯದು ಮೇಲ್ತೊಟ್ಟಿ. ಇದಕ್ಕೆ ಎರಡು ರಾತ್ರಿ ಬೇಕು. ಮೊದಲ ರಾತ್ರಿ ತೊಟ್ಟಿಯಿಂದ ಕೆಳಕ್ಕಿಳಿಯುವ ಕೊಳವೆಯ ವಾಲ್ವನ್ನು ಮುಚ್ಚಿ ಮಟ್ಟವನ್ನು ಗುರುತು ಮಾಡುವುದು. ಎರಡನೆಯ ರಾತ್ರಿ ಅದೇ ವಾಲ್ವನ್ನು ತೆರೆದು, ಮನೆಯ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಗುರುತು ಮಾಡುವುದು. ಮೊದಲ ರಾತ್ರಿಯೇ ಮಟ್ಟ ಇಳಿದರೆ ದೋಷ ತೊಟ್ಟಿಯಲ್ಲಿದೆ, ಇಲ್ಲವೆ ಆ ವಾಲ್ವು ಬಿಗಿಯಾಗಿ ಮುಚ್ಚುತ್ತಿಲ್ಲ. ಎರಡನೆಯ ರಾತ್ರಿ ಮಾತ್ರ ಇಳಿದರೆ ದೋಷ ಮನೆಯೊಳಗಿನ ಕೊಳವೆಗಳಲ್ಲಿದೆ, ಅಥವಾ ಕಕ್ಕಸಿನ ನೀರುತೊಟ್ಟಿಯಲ್ಲಿದೆ. ಈ ನೀರುತೊಟ್ಟಿ ಮಹಾ ಕಪಟಿ. ಸದ್ದಿಲ್ಲದೆ, ನೆಲ ಒದ್ದೆಯಾಗದೆ, ಹಗಲೂ ರಾತ್ರಿಯೂ ನೀರನ್ನು ಬಿಡುತ್ತಿರಬಲ್ಲದು. ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ತೊಟ್ಟು ಅದರೊಳಕ್ಕೆ ಬಿಟ್ಟು, ಅರ್ಧ ಗಂಟೆ ಯಾರೂ ಉಪಯೋಗಿಸದಂತೆ ನೋಡಿಕೊಂಡರೆ ಸಾಕು. ಕೆಳಗಿನ ಪಾತ್ರೆಯಲ್ಲಿ ನೀಲಿ ಕಾಣಿಸಿಕೊಂಡರೆ ಕಳ್ಳ ಸಿಕ್ಕಿದ ಹಾಗೆ. ಅಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ಒಂದು ರಬ್ಬರಿನ ಬಿಲ್ಲೆ; ಮಾದರಿಗೆ ಹಳೆಯದನ್ನು ಅಂಗಡಿಗೆ ತೆಗೆದುಕೊಂಡು ಹೋದರೆ ಹೊಸದು ದೊರೆಯುತ್ತದೆ, ಅದನ್ನು ಕೂರಿಸುವುದು ಮನೆಯವರಿಂದಲೇ ಆಗುವ ಕೆಲಸ.

ಇನ್ನು ಗೋಡೆಯ ತೇವ. ಮಳೆಗಾಲದಲ್ಲಿ ಮಾತ್ರ ನೆನೆದು ಬೇಸಗೆಯಲ್ಲಿ ಆರುವ ಗೋಡೆಗೆ ಕೊಳಾಯಿಯವರನ್ನು ಕರೆಯುವುದು ವ್ಯರ್ಥ. ಅದು ತಾರಸಿಯ ಅಥವಾ ಹೊರಗೋಡೆಯ ದೋಷ. ಸ್ನಾನವಾದ ಮೇಲೆ ಹೆಚ್ಚಿ, ಮಧ್ಯಾಹ್ನದ ಹೊತ್ತಿಗೆ ತಗ್ಗುವ ತೇವ ಬಚ್ಚಲ ನೀರು ಹೊರಗೆ ಹೋಗುವ ಕೊಳವೆಯದು. ಯಾವ ಕಾಲದಲ್ಲಿಯೂ ಒಂದೇ ಸಮನಾಗಿದ್ದು, ನಿಧಾನವಾಗಿ ಹರಡುತ್ತಿರುವ ತೇವ ಒಳಬರುವ ಕೊಳವೆಯದು, ಏಕೆಂದರೆ ಅದರಲ್ಲಿ ಸದಾ ನೀರು ಒತ್ತಿಕೊಂಡು ನಿಂತಿರುತ್ತದೆ. ಸತುವಿನ ಲೇಪವಿರುವ ಹಳೆಯ ಕಬ್ಬಿಣದ ಕೊಳವೆಗಳು ಮೊದಲು ತುಕ್ಕು ಹಿಡಿಯುವುದು ಮರೆ ಕೊರೆದ ಕಡೆಗಳಲ್ಲಿ, ಅಂದರೆ ಸಂದುಗಳಲ್ಲಿ. ಅಲ್ಲಿ ಲೇಪ ಹರಿದುಹೋಗಿ ಕಬ್ಬಿಣದ ದಪ್ಪವೂ ತಗ್ಗಿರುತ್ತದೆ.

ಈ ಪರೀಕ್ಷೆಗಳಿಗೆ ಒಂದು ಕಾಸೂ ಖರ್ಚಿಲ್ಲ. ಇವುಗಳಲ್ಲಿ ಕೈ ತಪ್ಪಿದರೂ ಏನೂ ಕೆಡುವುದಿಲ್ಲ.

ದುರಸ್ತಿಗೆ ಬರೋಣ. ನಲ್ಲಿಯ ತೊಟ್ಟಿಕ್ಕುವಿಕೆಯಿಂದಲೇ ಆರಂಭಿಸಬಹುದು. ಒಂದು ಗಂಟೆಯಲ್ಲಿ ಕಾಲು ಲೀಟರಿನ ಲೋಟ ತುಂಬುವ ಸೋರುವಿಕೆ ದಿನಕ್ಕೆ 6 ಲೀಟರು, ವರ್ಷಕ್ಕೆ ಎರಡು ಸಾವಿರ ಲೀಟರಿಗೆ ಮೇಲಾಯಿತು. ತಿರುಪು ಹಾಕುವ ಹಳೆಯ ಮಾದರಿಯ ನಲ್ಲಿಯೊಳಗೆ ಒಂದು ಪೀಠವೂ, ಅದರ ಮೇಲೆ ಬಂದು ಕುಳಿತುಕೊಳ್ಳುವ ವಾಷರೂ ಇರುತ್ತವೆ. ವಾಷರು ಹಿಂದೆ ಚರ್ಮದ್ದಾಗಿರುತ್ತಿತ್ತು, ಈಗ ರಬ್ಬರಿನದು. ಅದು ಸವೆದಾಗ ನೀರು ತೊಟ್ಟಿಕ್ಕುತ್ತದೆ. ಆಗ ನಾವು ಮಾಡುವುದೇನೆಂದರೆ, ತಿರುಪನ್ನು ಇನ್ನಷ್ಟು ಬಲವಾಗಿ ಬಿಗಿಯುವುದು. ನಾಲ್ಕು ದಿನ ಸೋರುವುದು ನಿಂತಂತೆ ಕಾಣುತ್ತದೆ; ಅಷ್ಟರಲ್ಲಿ ವಾಷರು ಪೂರ್ತಿ ಹರಿದು ಹಿತ್ತಾಳೆಗೆ ಹಿತ್ತಾಳೆ ಉಜ್ಜಿ ಪೀಠವೂ ಕೆಡುತ್ತದೆ. ಎರಡು ರೂಪಾಯಿಯ ಕೆಲಸ ನಲ್ಲಿಯನ್ನೇ ಬದಲಾಯಿಸುವ ಕೆಲಸವಾಗುತ್ತದೆ.

ವಾಷರನ್ನು ಹಾಕುವುದು ಮನೆಯವರ ಕೆಲಸ. ಮೊದಲು ಆ ನಲ್ಲಿಗೆ ನೀರು ಕೊಡುವ ವಾಲ್ವನ್ನು ಮುಚ್ಚಿ, ನಲ್ಲಿಯನ್ನು ತೆರೆದು ಉಳಿದ ನೀರನ್ನು ಹೋಗಬಿಡಬೇಕು. ಬಚ್ಚಲ ಕಂಡಿಗೆ ಬಟ್ಟೆ ಮುಚ್ಚಬೇಕು. ಇಲ್ಲವಾದರೆ ಸಣ್ಣ ತಿರುಪುಗಳು ಅಲ್ಲಿಗೇ ಹೋಗುತ್ತವೆ, ಇದು ಸೃಷ್ಟಿಯ ನಿಯಮ. ಸ್ಪ್ಯಾನರಿನಿಂದ ತಲೆಯ ಭಾಗವನ್ನು ಬಿಚ್ಚಿ, ಹಳೆಯ ವಾಷರನ್ನು ತೆಗೆದು, ಅದೇ ಅಳತೆಯದನ್ನು ಹಾಕಿ, ಹದವಾಗಿ ಬಿಗಿದರೆ ಮುಗಿಯಿತು. ಕಾಲು ಸುತ್ತಿಗೆ ತೆರೆದುಕೊಳ್ಳುವ ಹೊಸ ನಲ್ಲಿಗಳಲ್ಲಿ ವಾಷರಿಲ್ಲ, ನಯವಾದ ಎರಡು ಪಿಂಗಾಣಿ ಬಿಲ್ಲೆಗಳಿರುತ್ತವೆ. ಅವುಗಳ ನಡುವೆ ಮರಳು ಸಿಕ್ಕಿದರೆ ಗೀಚಿಹೋಗುತ್ತವೆ. ಅಲ್ಲಿ ಒಳಗಿನ ಗಟ್ಟಿಯನ್ನೇ ಇಡಿಯಾಗಿ ಬದಲಾಯಿಸಬೇಕು. ನಲ್ಲಿಯ ಮರೆಗಳಿಗೆ ಸುತ್ತುವ ಬಿಳಿಯ ಟೆಫ್ಲಾನ್ ಪಟ್ಟಿಯ ವಿಷಯವಾಗಿಯೂ ಒಂದು ಮಾತು. ಹಿಂದೆ ಇದಕ್ಕೆ ನಾರನ್ನು ಸುತ್ತಿ ಸೀಸದ ಬಿಳಿಬಣ್ಣವನ್ನು ಬಳಿಯುತ್ತಿದ್ದರು, ಸೀಸ ವಿಷ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞರಿಗೆ ಅಕಸ್ಮಾತ್ತಾಗಿ ದೊರೆತ ವಸ್ತುವಿನಿಂದ ಈ ಪಟ್ಟಿಯನ್ನು ಮಾಡುತ್ತಾರೆ. ಮರೆಯ ತುದಿ ನಮ್ಮ ಕಡೆಗಿರುವಂತೆ ಹಿಡಿದು ಪ್ರದಕ್ಷಿಣವಾಗಿ ಸುತ್ತಬೇಕು. ಅಪ್ರದಕ್ಷಿಣವಾಗಿ ಸುತ್ತಿದರೆ ಬಿಗಿಯುವಾಗ ಪಟ್ಟಿ ಬಿಚ್ಚಿಕೊಂಡು ಸುರುಳಿಯಾಗುತ್ತದೆ.

ಈ ಕೆಲಸದಲ್ಲಿ ತಪ್ಪಾದರೆ ನೀರು ನಮ್ಮ ಮುಖಕ್ಕೇ ಚಿಮ್ಮುತ್ತದೆ. ವಾಲ್ವನ್ನು ಮುಚ್ಚಿ ಮತ್ತೆ ಮಾಡಬಹುದು. ಆದರೆ ಆ ವಾಲ್ವು ಮುಚ್ಚುವಂತಿರಬೇಕು. ವರ್ಷಗಟ್ಟಲೆ ತಿರುಗಿಸದ ಹಳೆಯ ಗೇಟ್ ವಾಲ್ವು ಕಚ್ಚಿಕೊಂಡಿರುತ್ತದೆ. ಬಲ ಹಾಕಿದರೆ ಅದರ ಕಡ್ಡಿ ಮುರಿದು ಕೈಗೆ ಬರುತ್ತದೆ. ವರ್ಷಕ್ಕೆ ಎರಡು ಸಲವಾದರೂ ಮನೆಯ ಪ್ರತಿಯೊಂದು ವಾಲ್ವನ್ನೂ ಮುಚ್ಚಿ ತೆರೆಯುವ ಅಭ್ಯಾಸವಿರಬೇಕು, ಮನೆಯ ಹೆಂಗಸರಿಗೂ ದೊಡ್ಡ ಮಕ್ಕಳಿಗೂ ಅವು ಎಲ್ಲಿವೆಯೆಂಬುದು ತಿಳಿದಿರಬೇಕು. ಯಜಮಾನರು ಊರಿನಲ್ಲಿಲ್ಲದ ದಿವಸವೇ ಕೊಳವೆ ಒಡೆಯುವುದು. ವಾಲ್ವು ಅಲುಗದಿದ್ದರೆ ಮಾತ್ರ ವಾಷರಿನಂತಹ ಸಣ್ಣ ಕೆಲಸಕ್ಕೂ ಕಸುಬಿನವನನ್ನೇ ಕರೆಯತಕ್ಕದ್ದು.

ಈಗ ಮುಟ್ಟಕೂಡದ ವಸ್ತುಗಳು. ಮೊದಲನೆಯದು ಬಿಸಿನೀರಿನ ಗೀಸರು. ಇದರಲ್ಲಿ ವಿದ್ಯುತ್ತು, ನೀರು, ಒತ್ತಡ ಮೂರೂ ಒಂದೇ ಡಬ್ಬದಲ್ಲಿ ಕೂಡಿವೆ. ಅದರ ತಳದಲ್ಲಿರುವ ರಕ್ಷಣಾ ವಾಲ್ವಿನಿಂದ ಕಾಯುವ ಹೊತ್ತಿನಲ್ಲಿ ಕೆಲವು ತೊಟ್ಟು ನೀರು ಬೀಳುವುದುಂಟು. ನೀರು ಕಾದಾಗ ಹಿಗ್ಗುತ್ತದೆ, ಹಿಗ್ಗಿದ ನೀರಿಗೆ ದಾರಿ ಬೇಕು, ಅದಕ್ಕಾಗಿಯೇ ಆ ವಾಲ್ವು. ಸೋರುತ್ತಿದೆಯೆಂದು ಅದಕ್ಕೆ ಬಿರಡೆ ಜಡಿಯುವ ಜಾಣರಿದ್ದಾರೆ. ಶಾಖವನ್ನು ತಡೆಯುವ ಸಾಧನವೂ ಅದೇ ಸಮಯದಲ್ಲಿ ಕೆಟ್ಟಿತೆಂದರೆ ಡಬ್ಬ ಸಿಡಿಯುತ್ತದೆ. ಆಗ ಆವಿಯಾಗುವ ನೀರು ತನ್ನ ಗಾತ್ರದ ಸಾವಿರದ ಆರುನೂರರಷ್ಟು ಹಿಗ್ಗುತ್ತದೆ. ಅನಿಲದಿಂದ ಉರಿಯುವ ಗೀಸರಿನ ಅಪಾಯ ಬೇರೆ ಬಗೆಯದು: ಗಾಳಿಯಾಡದ ಬಚ್ಚಲುಮನೆಯಲ್ಲಿ ಅದು ಬಿಡುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಬಚ್ಚಲ ಒಳಗೆ ಇಡುವ ಕೆಲಸಗಾರ ಎಷ್ಟು ಅಗ್ಗವಾಗಿ ಮಾಡಿಕೊಟ್ಟರೂ ಒಪ್ಪಬಾರದು.

ಎರಡನೆಯದು ಕುಡಿಯುವ ನೀರಿನ ಕೊಳವೆಯನ್ನು ಬೇರೊಂದು ಕೊಳವೆಗೆ ಸೇರಿಸುವುದು. 1933ರಲ್ಲಿ ಷಿಕಾಗೋ ನಗರದಲ್ಲಿ ದೊಡ್ಡದೊಂದು ವಸ್ತುಪ್ರದರ್ಶನ ನಡೆಯಿತು. ಅದಕ್ಕೆ ಬಂದವರು ಇಳಿದುಕೊಂಡಿದ್ದ ಎರಡು ಹೋಟಲುಗಳಲ್ಲಿ ಹಳೆಯ ಕೊಳವೆಗಳ ದೋಷದಿಂದಲೂ ತಪ್ಪು ಜೋಡಣೆಗಳಿಂದಲೂ ಮಲದ ನೀರು ಕುಡಿಯುವ ನೀರಿಗೆ ಬೆರೆಯಿತು. ಸಾವಿರಕ್ಕೂ ಹೆಚ್ಚು ಮಂದಿಗೆ ಆಮಶಂಕೆಯ ರೋಗ ತಗಲಿತು; 98 ಮಂದಿ ಮೃತರಾದರು. ಅತಿಥಿಗಳು ತಮ್ಮ ತಮ್ಮ ಊರುಗಳಿಗೆ ಮರಳಿದ ಮೇಲೆ ಕಾಯಿಲೆ ಬಿದ್ದುದರಿಂದ ಕಾರಣವನ್ನು ಕಂಡುಹಿಡಿಯುವುದೇ ತಡವಾಯಿತು.

ನಮ್ಮ ಮನೆಗಳು ಹೋಟಲುಗಳಲ್ಲ, ನಿಜ. ಆದರೆ ಎಷ್ಟೋ ಮನೆಗಳಲ್ಲಿ ಕಾವೇರಿಯ ನೀರಿಗೊಂದು, ಕೊಳವೆಬಾವಿಗೊಂದು ಹೀಗೆ ಎರಡು ಸಾಲುಗಳಿವೆ. ಒಂದು ನಿಂತಾಗ ಇನ್ನೊಂದನ್ನು ತಿರುಗಿಸಿಕೊಳ್ಳಲು ನಡುವೆ ಒಂದು ವಾಲ್ವನ್ನು ಹಾಕಿಕೊಳ್ಳುತ್ತಾರೆ. ಬೀದಿಯ ಕೊಳವೆಗೇ ನೇರವಾಗಿ ಮೋಟಾರನ್ನು ಹಚ್ಚಿ ಎಳೆಯುವವರೂ ಉಂಟು, ಇದು ನಿಷಿದ್ಧ. ನೀರು ನಿಂತ ಹೊತ್ತಿನಲ್ಲಿ ಬೀದಿಯ ಕೊಳವೆ ಬರಿದಾಗಿ ಒಳಗೆ ಸೆಳೆತ ಉಂಟಾಗುತ್ತದೆ. ಆಗ ಮೋಟಾರಿನಿಂದಲೂ ಎಳೆದರೆ, ಕೊಳವೆಯಲ್ಲಿ ಬಿರುಕಿದ್ದ ಕಡೆ ಸುತ್ತಣ ಮಣ್ಣಿನ ನೀರೆಲ್ಲ ಒಳಕ್ಕೆ ಬರುತ್ತದೆ. ಅದನ್ನು ಕುಡಿಯುವವರು ನಾವೊಬ್ಬರೇ ಅಲ್ಲ, ಬೀದಿಯ ಮಕ್ಕಳೆಲ್ಲರೂ. ನೀರು ಬಂದ ಮೊದಲ ಗಳಿಗೆಯಲ್ಲಿ ದುರ್ವಾಸನೆ ಕಂಡರೆ ಮನೆಯ ಕೊಳಾಯಿಯವನಿಂದ ಆಗುವುದೇನೂ ಇಲ್ಲ; ಬೆಂಗಳೂರಿನವರು 1964ರಲ್ಲಿ ಏರ್ಪಟ್ಟ ಜಲಮಂಡಲಿಗೆ 1916 ಎಂಬ ದೂರವಾಣಿ ಸಂಖ್ಯೆಯಲ್ಲಿ ಆಗಲೇ ತಿಳಿಸಬೇಕು.

ಇದಕ್ಕೆ ಎದುರಾಗಿ, ಒಂದು ಚೊಂಬು ನೀರಿನಿಂದ ಆಗುವ ರಕ್ಷಣೆಯೊಂದಿದೆ. ಬಚ್ಚಲಿನ ನೀರು ಹೋಗುವ ಕಂಡಿಯ ಕೆಳಗೆ ಬಾಗಿದ ಕೊಳವೆಯೊಂದಿರುತ್ತದೆ; ಕೆಲಸದವರು ಇದನ್ನು ನಹಾನಿ ಟ್ರ್ಯಾಪ್ ಎನ್ನುತ್ತಾರೆ. ಆ ಬಾಗಿನಲ್ಲಿ ಸದಾ ನಿಂತಿರುವ ಸ್ವಲ್ಪ ನೀರು ಚರಂಡಿಯ ಗಾಳಿಗೂ ಹುಳುಗಳಿಗೂ ಬಾಗಿಲು ಹಾಕುತ್ತದೆ. ಇಂತಹ ಬಾಗುಕೊಳವೆಗೆ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ಕೆಲಸದವರು 1775ರಲ್ಲಿ ಲಂಡನ್ನಿನಲ್ಲಿ ಹಕ್ಕುಪತ್ರವನ್ನು ಪಡೆದರು. ಉಪಯೋಗಿಸದ ಬಚ್ಚಲಿನಲ್ಲಿ ಆ ನೀರು ಆರಿಹೋಗುತ್ತದೆ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ಬಹು ಅಂತಸ್ತಿನ ವಸತಿಯಲ್ಲಿ ಸಾರ್ಸ್ ರೋಗ 300ಕ್ಕೂ ಹೆಚ್ಚು ನಿವಾಸಿಗಳಿಗೆ ಹರಡಿತು. ಹೀಗೆ ಆರಿಹೋಗಿದ್ದ ಬಚ್ಚಲ ಬಾಗುಗಳೂ ಅದಕ್ಕೆ ಕಾರಣವಾಗಿದ್ದುವೆಂದು ತನಿಖೆ ಮಾಡಿದವರು ಕಂಡರು. ಅತಿಥಿಗಳಿಗೆಂದು ಮೀಸಲಾದ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ಚೊಂಬು ನೀರನ್ನು ಹೊಯ್ಯುವುದಕ್ಕೆ ಯಾವ ಕಸುಬಿನವನೂ ಬೇಕಾಗಿಲ್ಲ.

ಮನೆಯವರೂ ಮಾಡಕೂಡದ, ಕಸುಬಿನವರಿಂದಲೂ ಮಾಡಿಸಕೂಡದ ಕೆಲಸವೊಂದಿದೆ. ಅದು ಮಲಗುಂಡಿಗೆ ಇಳಿಯುವುದು. ಗುಂಡಿ ಕಟ್ಟಿಕೊಂಡಾಗ ಯಾರೋ ಒಬ್ಬ ಬಡವನನ್ನು ಹಿಡಿದು, ನಾಲ್ಕು ಕಾಸು ಹೆಚ್ಚಿಗೆ ಕೊಡುತ್ತೇವೆಂದು ಇಳಿಸುವ ಪದ್ಧತಿ ನಮ್ಮ ದೇಶದಲ್ಲಿ ಎಷ್ಟು ಜನರನ್ನು ನುಂಗಿದೆಯೆಂಬುದನ್ನು ಪತ್ರಿಕೆಗಳನ್ನು ಓದುವವರೆಲ್ಲರೂ ಬಲ್ಲರು. ಅಲ್ಲಿ ಕೂಡಿರುವ ಜಲಜನಕದ ಸಲ್ಫೈಡು ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ; ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ಇಳಿದವನಿಗೆ ವಾಸನೆಯೇ ತಿಳಿಯುವುದಿಲ್ಲ. ಅವನು ಕುಸಿದುದನ್ನು ಕಂಡು ರಕ್ಷಿಸಲು ಇಳಿದವನೂ ಅಲ್ಲಿಯೇ ಉಳಿಯುತ್ತಾನೆ. ಅಲ್ಲಿ ಉರಿಯುವ ಅನಿಲವೂ ಇರುವುದರಿಂದ ದೀಪ ಹಿಡಿದು ಬಗ್ಗಿ ನೋಡುವುದೂ ಅಪಾಯ. 2013ರ ಕಾನೂನು ಇಂತಹ ಅಪಾಯಕರವಾದ ಶುಚಿಕಾರ್ಯಕ್ಕೆ ಮನುಷ್ಯರನ್ನು ತೊಡಗಿಸುವುದನ್ನು ನಿಷೇಧಿಸಿ, ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಿದೆ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಸಲ್ಲಬೇಕೆಂದು 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಹೀರುಯಂತ್ರದ ಲಾರಿ ಬರುವುದಕ್ಕೆ ಎರಡು ದಿನ ತಡವಾದರೆ ಆ ಎರಡು ದಿನ ನೆರೆಮನೆಯವರ ಕಕ್ಕಸನ್ನು ಕೇಳಿಕೊಳ್ಳುವುದು ಅವಮಾನವೇನೂ ಅಲ್ಲ. “ನಾನೇ ಇಳೀತೀನಿ ಸ್ವಾಮಿ, ಅಭ್ಯಾಸ ಇದೆ” ಎಂದು ಬಂದವನು ಹೇಳಿದರೂ, ಬೇಡವೆನ್ನಬೇಕಾದವರು ನಾವೇ.

ಗೋಡೆಯೊಳಗಿನ ಕೊಳವೆಯ ಕೆಲಸ ಕಸುಬಿನವರದೆಂಬುದನ್ನು ಮತ್ತೆ ಹೇಳಬೇಕಾಗಿಲ್ಲ. ಅವರನ್ನು ಕರೆದಾಗ ನಾವು ಹೇಗೆ ಮಾತನಾಡುತ್ತೇವೆಂಬುದರ ಮೇಲೆ ಅರ್ಧ ಖರ್ಚು ನಿಂತಿದೆ. “ಮೇಸ್ತ್ರಿಗಳೇ, ಎಲ್ಲೋ ಸೋರ್ತಾ ಇದೆ, ನೋಡಿ” ಎಂದರೆ ಅವರು ನೋಡುವುದು ಗೋಡೆ ಒಡೆದೇ. ಇದಕ್ಕೆ ಬದಲಾಗಿ, “ಮೇಲಿನ ತೊಟ್ಟಿ ವಾಲ್ವು ಮುಚ್ಚಿದ್ರೆ ಮಟ್ಟ ಇಳಿಯೋದಿಲ್ಲ, ತೆಗೆದಿದ್ರೆ ರಾತ್ರಿಗೆ ಮೂರು ಬೆರಳು ಇಳಿಯುತ್ತೆ. ಕಕ್ಕಸಿನ ತೊಟ್ಟಿಗೆ ನೀಲಿ ಹಾಕಿ ನೋಡಿದೀವಿ, ಅದು ಸರಿಯಾಗಿದೆ. ಬಚ್ಚಲ ಪಕ್ಕದ ಗೋಡೆ ಬೇಸಗೇಲೂ ಆರೋದಿಲ್ಲ” ಎಂದು ಹೇಳಿದರೆ, “ಹಾಗಾದ್ರೆ ಇದೊಂದು ಕಡೆ ಒಡೆದ್ರೆ ಸಾಕು ಸ್ವಾಮಿ” ಎಂಬ ಉತ್ತರ ಬರುತ್ತದೆ. ಒಳ್ಳೆಯ ಕೆಲಸಗಾರನಿಗೆ ಇಂತಹ ಮನೆಯವರನ್ನು ಕಂಡರೆ ಸಂತೋಷ. ಇಷ್ಟನ್ನು ಕೇಳಿಯೂ ನಾಲ್ಕು ಕಡೆ ಒಡೆಯಬೇಕೆನ್ನುವವನಿಗೆ ಒಡೆಯುವ ಮೊದಲು ಕಾರಣವನ್ನು ಕೇಳಬೇಕು. ಕೂಲಿಯನ್ನೂ ಸಾಮಾನಿನ ಬೆಲೆಯನ್ನೂ ಬೇರೆ ಬೇರೆಯಾಗಿ ಮೊದಲೇ ಮಾತನಾಡಿಕೊಂಡು, ಕೆಲಸ ಮುಗಿದಮೇಲೆ ಚೌಕಾಶಿಗೆ ಇಳಿಯದಿರುವುದು ಮರ್ಯಾದೆ. ತೆಗೆದುಹಾಕಿದ ಹಳೆಯ ಭಾಗಗಳನ್ನು ಕೇಳಿ ನೋಡುವುದೂ ಒಳ್ಳೆಯದು.

ಗಾರೆಯವನು ಗೋಡೆಯನ್ನು ಮುಚ್ಚುವ ಮೊದಲು ಎರಡು ಕೆಲಸ ಆಗಲೇಬೇಕು. ಹೊಸ ಕೊಳವೆಯ ತುದಿಗಳಿಗೆ ಬಿರಡೆ ಹಾಕಿ, ನೀರು ತುಂಬಿ, ಕೈಪಂಪಿನಿಂದ ಒತ್ತಡ ಕೊಟ್ಟು, ಒತ್ತಡ ತೋರಿಸುವ ಮುಳ್ಳು ಕೆಲವು ಗಂಟೆಗಳ ಕಾಲ ಇಳಿಯದೆ ನಿಲ್ಲುವುದೇ ಎಂದು ನೋಡಬೇಕು. ಅಂಟಿನಿಂದ ಸೇರಿಸುವ ಪ್ಲಾಸ್ಟಿಕ್ ಕೊಳವೆಗಳಾದರೆ, ಅಂಟಿನ ಡಬ್ಬದ ಮೇಲೆ ಬರೆದಿರುವಷ್ಟು ಹೊತ್ತು ಒಣಗಿದ ಮೇಲೆಯೇ ಈ ಪರೀಕ್ಷೆ. ಕೆಲಸದವರ ಅವಸರವಾಗಲಿ ನಮ್ಮ ಸ್ನಾನದ ಅವಸರವಾಗಲಿ ಅಂಟಿಗೆ ತಿಳಿಯದು. ಅನಂತರ, ತೆರೆದಿರುವ ಗೋಡೆಯ ಮೇಲೆ ಅಳತೆಪಟ್ಟಿಯನ್ನು ಹಿಡಿಸಿ ಒಂದು ಛಾಯಾಚಿತ್ರವನ್ನು ತೆಗೆದು, ಅದರ ಪ್ರತಿಯನ್ನು ಮೀಟರಿನ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿಡಬೇಕು. ಮುಂದೆ ಕನ್ನಡಿಗೋ ಬಟ್ಟೆಯ ಗೂಟಕ್ಕೋ ಮೊಳೆ ಹೊಡೆಯಬೇಕಾಗಿ ಬಂದಾಗ ಕೊಳವೆ ನೆಲದಿಂದ ಎಷ್ಟು ಮೇಲಿದೆ, ಮೂಲೆಯಿಂದ ಎಷ್ಟು ದೂರವಿದೆ ಎಂಬುದು ಅಲ್ಲಿ ದೊರೆಯುತ್ತದೆ.